ಸ್ಪ್ಯಾಮ್ ತಡೆಯುವ ಹೊಣೆ ಸಂಪರ್ಕ ಕೊಟ್ಟವರದು

ಕೇಳದೆ ಬಂದು ಬೀಳುವ ಇಮೇಲ್‌ಗಳ ಖರ್ಚು ಕಳಿಸಿದವನ ತಲೆಗೆ ಬರುವುದಿಲ್ಲ. ಹತ್ತು ಲಕ್ಷ ಜನರಿಗೆ ಕಳಿಸಲು ಅವನಿಗೆ ಒಂದು ಸಂಪರ್ಕ, ಒಂದು ವಿಳಾಸಪಟ್ಟಿ ಸಾಕು. ಅವನ್ನೆಲ್ಲ ಹೊರುವ, ಸೋಸುವ, ಅಳಿಸುವ ಭಾರ ಪಡೆದವರದು. ಅದಕ್ಕೇ ಇಂಟರ್‌ನೆಟ್ ಸೇವಾ ಕಂಪನಿಗಳು ಗ್ರಾಹಕರ ಕರಾರಿನಲ್ಲಿ ಬಳಕೆಯ ನಿಯಮಗಳನ್ನು ಸೇರಿಸುತ್ತವೆ: ಒಪ್ಪಿಗೆಯಿಲ್ಲದವರಿಗೆ ಸಗಟು ಇಮೇಲ್ ಕಳಿಸಬಾರದು, ಕಳಿಸಿದವರ ವಿಳಾಸ ತಿರುಚಬಾರದು, ತಪ್ಪಿದರೆ ಸಂಪರ್ಕ ಕಡಿತ. ದೂರಿಗೆಂದೇ ‘ಅಬ್ಯೂಸ್’ ಹೆಸರಿನ ಇಮೇಲ್ ವಿಳಾಸ ಇರಬೇಕೆಂದು 1997ರ ತಾಂತ್ರಿಕ ಮಾನದಂಡವೊಂದು ಹೇಳುತ್ತದೆ. ನಿಯಮಗಳಿಗೆ ಬರವಿಲ್ಲ. ಹಣ ಕಟ್ಟುವ ಗ್ರಾಹಕನ ಮೇಲೆ ಅವನ್ನು ಜಾರಿ ಮಾಡಲು ಕಂಪನಿಗಳಿಗೆ ಮನಸ್ಸಿಲ್ಲ.

2000ದಲ್ಲಿ ಅಮೆರಿಕದಲ್ಲಿ ಬಯಲಾದ ಪ್ರಕರಣ ಇದಕ್ಕೆ ಸಾಕ್ಷಿ. ಎಟಿ ಆ್ಯಂಡ್ ಟಿ ಕಂಪನಿಯ ಪ್ರಕಟಿತ ನೀತಿ ಸ್ಪ್ಯಾಮನ್ನು ನಿಷೇಧಿಸಿತ್ತು. ಅದೇ ಕಂಪನಿ ಸಗಟು ಇಮೇಲ್ ವ್ಯವಹಾರದವರಿಗೆ ತನ್ನಲ್ಲಿ ಜಾಗ ಕೊಡುವ ಕರಾರಿಗೆ ಸಹಿ ಹಾಕಿತ್ತು. ಕರಾರಿನ ಪ್ರತಿ ಹೊರಬಂದ ಮೇಲೆ, ಅದು ತನ್ನದೇ ನೀತಿಗೆ ವಿರುದ್ಧವೆಂದು ಒಪ್ಪಿ ರದ್ದು ಮಾಡಿತು. ಇಂಥವಕ್ಕೆ ‘ಪಿಂಕ್ ಕಾಂಟ್ರ್ಯಾಕ್ಟ್’ ಎಂಬ ಹೆಸರೇ ಬಳಕೆಗೆ ಬಂತು. ಸಾಮಾನ್ಯ ಗ್ರಾಹಕನಿಗೆ ಒಂದು ನಿಯಮ, ದೊಡ್ಡ ಗಿರಾಕಿಗೆ ಇನ್ನೊಂದು ಎನ್ನುವುದು ಶುದ್ಧ ವಂಚನೆ.

ಮನಸ್ಸು ಮಾಡಿದರೆ ಏನಾಗುತ್ತದೆಂಬುದು 2008ರ ನವೆಂಬರ್ 11ರಂದು ಕಂಡಿತು. ಕ್ಯಾಲಿಫೋರ್ನಿಯಾದ ಮೆಕೋಲೋ ಎಂಬ ಹೋಸ್ಟಿಂಗ್ ಕಂಪನಿಯಲ್ಲಿ ಸ್ಪ್ಯಾಮ್ ಜಾಲಗಳ ನಿಯಂತ್ರಣ ಸರ್ವರ್‌ಗಳಿದ್ದವು. ಪತ್ರಕರ್ತ ಬ್ರಯಾನ್ ಕ್ರೆಬ್ಸ್ ಪುರಾವೆ ಮುಂದಿಟ್ಟಾಗ ಅದಕ್ಕೆ ಸಂಪರ್ಕ ಕೊಟ್ಟಿದ್ದ ಗ್ಲೋಬಲ್ ಕ್ರಾಸಿಂಗ್ ಮತ್ತು ಹರಿಕೇನ್ ಎಲೆಕ್ಟ್ರಿಕ್ ತಂತಿ ಕಡಿದವು. ಜಗತ್ತಿನ ಸ್ಪ್ಯಾಮ್ ಒಂದೇ ಏಟಿಗೆ ಅರ್ಧಕ್ಕಿಂತ ಕೆಳಗಿಳಿಯಿತು. ಕೆಲವು ತಿಂಗಳಲ್ಲಿ ಅದು ಮತ್ತೆ ಏರಿದ್ದು ನಿಜ. ಆದರೆ ಏರಿದ್ದು ಬೇರೆ ಕಂಪನಿಗಳು ಜಾಗ ಕೊಟ್ಟಿದ್ದರಿಂದ.

ಪತ್ರ ಓದುವುದು ತಮ್ಮ ಕೆಲಸವಲ್ಲ ಎಂಬುದು ಕಂಪನಿಗಳ ವಾದ. ಯಾರೂ ಓದಬೇಕಾಗಿಲ್ಲ. ಒಂದು ಖಾತೆಯಿಂದ ಗಂಟೆಗೆ ಎಷ್ಟು ಇಮೇಲ್ ಹೊರಟಿತು, ಎಷ್ಟು ದೂರು ಬಂತು ಎಂದು ಎಣಿಸಿದರೆ ಸಾಕು. ಮನೆ ಸಂಪರ್ಕಗಳಿಂದ ಇಮೇಲ್ ನೇರವಾಗಿ ಹೊರಹೋಗುವ 25ನೇ ಪೋರ್ಟ್ ಮುಚ್ಚುವುದೂ ಹಳೆಯ, ಸುಲಭದ ಉಪಾಯ. ನಿರಪರಾಧಿಗಳು ಸಿಕ್ಕಿಬೀಳುತ್ತಾರೆಂಬ ಆತಂಕ ಮಾತ್ರ ತೂಕದ್ದು. ಸ್ಪ್ಯಾಮ್ ಮೂಲಗಳ ಕಪ್ಪುಪಟ್ಟಿಗೆ ಇಡೀ ವಿಳಾಸ ಶ್ರೇಣಿಯನ್ನೇ ಸೇರಿಸಿದಾಗ ಅಕ್ಕಪಕ್ಕದ ಸಣ್ಣ ಸಂಸ್ಥೆಗಳ ಪತ್ರವೂ ನಿಂತುಹೋಗುತ್ತದೆ. ಹಾಗಾಗಿ ಕಡಿತಕ್ಕೆ ಮುನ್ನ ನೋಟಿಸ್, ನಂತರ ಮೇಲ್ಮನವಿ ಎರಡೂ ಕರಾರಿನಲ್ಲೇ ಇರಬೇಕು.

ಕಾನೂನು ಈ ಕೆಲಸ ಮಾಡುತ್ತದೆಂದು ಕಾಯುವಂತಿಲ್ಲ. ಅಮೆರಿಕದ 2003ರ ಕಾಯ್ದೆ, ಪಡೆದವರು ಬೇಡವೆನ್ನುವವರೆಗೆ ವಾಣಿಜ್ಯ ಇಮೇಲ್ ಕಳಿಸಲು ಬಿಡುತ್ತದೆ. ಭಾರತದಲ್ಲಿ ಕಿರಿಕಿರಿಯ ಇಮೇಲನ್ನು ಹೆಸರಿಸಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ನನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದುಪಡಿಸಿತು. ಮಾತಿನ ಸ್ವಾತಂತ್ರ್ಯವನ್ನೇ ನುಂಗುವಷ್ಟು ಅಸ್ಪಷ್ಟವಾಗಿದ್ದ ಅದು ಹೋದದ್ದು ಒಳ್ಳೆಯದೇ. ಟ್ರಾಯ್‌ನ 2018ರ ನಿಯಮಗಳು ಕರೆ, ಎಸ್ಸೆಮ್ಮೆಸ್‌ಗೆ ಸೀಮಿತ. ಇಲ್ಲಿನ ಸೇವಾ ಕಂಪನಿಗಳಿಗೆ ಪರವಾನಗಿ ಕೊಡುವುದು ಕೇಂದ್ರದ ದೂರಸಂಪರ್ಕ ಇಲಾಖೆ. ಪ್ರತಿ ಕಂಪನಿ ವರ್ಷಕ್ಕೆ ಎಷ್ಟು ದೂರು ಪಡೆಯಿತು, ಎಷ್ಟು ದಿನದಲ್ಲಿ ಉತ್ತರಿಸಿತು, ಎಷ್ಟು ಸಂಪರ್ಕ ಕಡಿಯಿತು ಎಂಬ ಲೆಕ್ಕ ಪ್ರಕಟಿಸುವುದನ್ನು ಇಲಾಖೆ ಆ ಪರವಾನಗಿಯ ಷರತ್ತಾಗಿಸಬೇಕು.