ಹತ್ತಿ ಬರುವ ಮೀನಿಗೆ ದಾರಿ ಬಿಡೋಣ

ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದ ರಾತ್ರಿ ನಮ್ಮೂರ ಹಳ್ಳದ ಸಣ್ಣ ಸೇತುವೆಯ ಕೆಳಗೆ ಬ್ಯಾಟರಿ ಬೆಳಕು ಕಾಣುತ್ತದೆ. ದೊಡ್ಡವರು, ಹುಡುಗರು ಎಲ್ಲರೂ ಹಳೆಯ ಸೊಳ್ಳೆ ಪರದೆ, ಹರಿದ ಸೀರೆ ಹಿಡಿದು ಮೊಣಕಾಲು ನೀರಿನಲ್ಲಿ ನಿಂತಿರುತ್ತಾರೆ. ಹೊಸ ನೀರಿಗೆ ಎದುರಾಗಿ ಹತ್ತಿ ಬರುವ ಮೀನು ತಾನಾಗಿಯೇ ಬಂದು ಪರದೆಗೆ ಬೀಳುತ್ತದೆ. ಕಳೆದ ಜೂನ್‌ನಲ್ಲಿ ಪರದೆಯ ಒಂದು ತುದಿ ನನ್ನ ಕೈಯಲ್ಲಿತ್ತು. ಒಂದು ತಾಸಿನಲ್ಲಿ ಅರ್ಧ ಬಕೆಟ್ ಮೀನು ಸಿಕ್ಕಿತು. ಬೆಳಿಗ್ಗೆ ಮಾಮು ಅದನ್ನು ಹೆಚ್ಚಲು ಕುಳಿತಾಗ ನೋಡಿದೆ, ಹೆಚ್ಚು ಕಡಿಮೆ ಪ್ರತಿಯೊಂದು ಮೀನಿನ ಹೊಟ್ಟೆಯಲ್ಲೂ ತತ್ತಿ ತುಂಬಿತ್ತು.

ಮಾಮು ಸಂತೆಯಲ್ಲಿ ಮೀನು ಮಾರುತ್ತಾರೆ. ನನ್ನ ಬಸ್ ಪಾಸಿನಲ್ಲಿ, ನೋಟ್‌ಬುಕ್ಕಿನಲ್ಲಿ ಆ ದುಡ್ಡೂ ಇದೆ. ಆದ್ದರಿಂದ ನಾನು ದೂರ ನಿಂತು ಬೇರೆಯವರಿಗೆ ಬುದ್ಧಿ ಹೇಳುತ್ತಿದ್ದೇನೆ ಎಂದು ಯಾರೂ ತಿಳಿಯಬಾರದು. ನನ್ನ ಅಭಿಪ್ರಾಯ ಇಷ್ಟೇ: ಮೊದಲ ಹೊಸ ನೀರು ಬಂದ ದಿನದಿಂದ ಜುಲೈ ಮುಗಿಯುವವರೆಗೆ ನಮ್ಮ ಹಳ್ಳಗಳಲ್ಲಿ, ಗದ್ದೆಗೆ ಹೋಗುವ ಕಾಲುವೆಗಳಲ್ಲಿ ಮೀನು ಹಿಡಿಯುವುದನ್ನು ನಾವೇ ನಿಲ್ಲಿಸಬೇಕು.

ಮೀನು ಆ ರಾತ್ರಿ ಯಾಕೆ ಹತ್ತುತ್ತದೆ? ಮಲೆನಾಡಿನಲ್ಲಿ ಇದಕ್ಕೆ ‘ಹತ್ತುಮೀನು’ ಎಂಬ ಹೆಸರೇ ಇದೆ. ಬೇಸಿಗೆಯಿಡೀ ಮಡುವಿನಲ್ಲಿ ಉಳಿದ ಮೀನು, ಮಳೆಯ ನೀರು ಹರಿದ ಕೂಡಲೇ ಆಳವಿಲ್ಲದ, ಹುಲ್ಲು ಇರುವ ಜಾಗಕ್ಕೆ ಬಂದು ತತ್ತಿ ಇಡುತ್ತದೆ. ಅಲ್ಲಿ ಮರಿಗೆ ತಿನ್ನಲು ಹುಳು ಸಿಗುತ್ತದೆ, ದೊಡ್ಡ ಮೀನಿನ ಕಾಟ ಕಡಿಮೆ. ಕೊರವ ಮೀನಂತೂ (ನಮ್ಮ ಮನೆಯಲ್ಲಿ ಅದಕ್ಕೆ ಮರಲ್ ಅನ್ನುತ್ತೇವೆ) ಮರಿಗಳ ಗುಂಪಿನ ಕೆಳಗೇ ಇದ್ದು ಕಾಯುತ್ತದೆ. ಆ ಸಮಯದಲ್ಲಿ ತಾಯಿ ತಂದೆಯನ್ನು ಹಿಡಿದರೆ ನಾವು ಹಿಡಿದದ್ದು ಎರಡೇ ಮೀನು, ಆದರೆ ಕಾವಲಿಲ್ಲದ ಮರಿಗಳ ಗುಂಪೂ ಬೇರೆ ಮೀನುಗಳ ಬಾಯಿಗೆ ಹೋಗುತ್ತದೆ.

ಕಳಘಟಗಿ ತಾಲ್ಲೂಕಿನ ನಮಗೆ ಇನ್ನೊಂದು ಮಾತು ಮುಖ್ಯ. ನಮ್ಮ ಹಳ್ಳ ಬೇಡ್ತಿಗೆ ಸೇರುತ್ತದೆ. ಬೇಡ್ತಿ ಮುಂದೆ ಗಂಗಾವಳಿ ಎಂಬ ಹೆಸರಿನಲ್ಲಿ ಅಂಕೋಲಾ ತಾಲ್ಲೂಕಿನಲ್ಲಿ ಅರಬ್ಬೀ ಸಮುದ್ರ ಸೇರುತ್ತದೆ. ಆದರೆ ನಡುವೆ ಯಲ್ಲಾಪುರದ ಹತ್ತಿರ ಮಾಗೋಡು ಜಲಪಾತವಿದೆ. ಆ ಎತ್ತರವನ್ನು ಯಾವ ಮೀನೂ ಹತ್ತಲಾರದು. ಅಂದರೆ ಜಲಪಾತದ ಮೇಲೆ ಎಷ್ಟು ಮೀನು ಇದೆಯೋ ಅಷ್ಟೇ ನಮ್ಮ ಆಸ್ತಿ. ಇಲ್ಲಿ ಒಂದು ಜಾತಿ ಮುಗಿದರೆ ಕೆಳಗಿನಿಂದ ಬಂದು ಅದರ ಜಾಗ ತುಂಬುವವರು ಯಾರೂ ಇಲ್ಲ.

ಅಕೌಂಟೆನ್ಸಿ ಪಾಠದಲ್ಲಿ ಬಂಡವಾಳ ಬೇರೆ, ಲಾಭ ಬೇರೆ ಎಂದು ಕಲಿತಿದ್ದೇವೆ. ವ್ಯಾಪಾರಿ ಬಂಡವಾಳದಿಂದಲೇ ಮನೆಖರ್ಚಿಗೆ ತೆಗೆಯುತ್ತ ಹೋದರೆ ಕೆಲವು ವರ್ಷ ಅಂಗಡಿ ಚೆನ್ನಾಗಿಯೇ ನಡೆದಂತೆ ಕಾಣುತ್ತದೆ, ಆಮೇಲೆ ಒಂದು ದಿನ ಬಾಗಿಲು ಹಾಕಬೇಕಾಗುತ್ತದೆ. ದೀಪಾವಳಿ ಹೊತ್ತಿಗೆ ಹಿಡಿಯುವ ಮೀನು ಲಾಭ. ಜೂನ್‌ನಲ್ಲಿ ಹಿಡಿಯುವ ತತ್ತಿ ಮೀನು ಬಂಡವಾಳ.

“ಮೀನು ಕಡಿಮೆಯಾದರೆ ಸರ್ಕಾರ ಮರಿ ತಂದು ಬಿಡುತ್ತದೆ” ಎಂದು ಕೆಲವರು ಹೇಳುತ್ತಾರೆ. ಬಿಡುತ್ತಾರೆ, ನಿಜ. ಆದರೆ ಯಾವ ಮರಿ? ಕೆರೆಗಳಿಗೆ ಬಿಡುವುದು ಹೆಚ್ಚಾಗಿ ಕಟ್ಲಾ, ರೋಹು, ಮೃಗಾಲ್. ಇವು ಬೇಗ ಬೆಳೆಯುತ್ತವೆ, ಆದರೆ ನಿಂತ ನೀರಿನ ಕೆರೆಯಲ್ಲಿ ತತ್ತಿ ಇಡುವುದಿಲ್ಲ. 1957ರಲ್ಲಿ ಹೀರಾಲಾಲ್ ಚೌಧುರಿ ಎಂಬ ವಿಜ್ಞಾನಿ ಒಡಿಶಾದಲ್ಲಿ ಚುಚ್ಚುಮದ್ದು ಕೊಟ್ಟು ಇಂಥ ಮೀನಿನಿಂದ ತತ್ತಿ ಇಡಿಸಿದ ಮೇಲೆಯೇ ದೇಶದಲ್ಲಿ ಮೀನುಮರಿ ಉತ್ಪಾದನೆ ಬೆಳೆಯಿತು. ಅದರ ನೆನಪಿಗೇ ಜುಲೈ 10 ರಾಷ್ಟ್ರೀಯ ಮೀನು ಕೃಷಿಕರ ದಿನ. ಅದು ದೊಡ್ಡ ಸಾಧನೆ, ಅದರಿಂದ ಲಕ್ಷಾಂತರ ಜನ ಊಟ ಮಾಡುತ್ತಿದ್ದಾರೆ. ಆದರೆ ಪ್ರತಿ ವರ್ಷ ದುಡ್ಡು ಕೊಟ್ಟು ಮರಿ ತರಲೇಬೇಕು. ಹಳ್ಳದ ಕೊರವ, ಬಾಳೆಮೀನು, ಚೇಳುಮೀನಿಗೆ ಯಾರೂ ಏನೂ ಕೊಡಬೇಕಾಗಿಲ್ಲ. ಎರಡು ತಿಂಗಳು ಬಿಟ್ಟರೆ ಸಾಕು.

ತಂದು ಬಿಟ್ಟ ಮರಿ ಕೆಲವೊಮ್ಮೆ ಇದ್ದದ್ದನ್ನೂ ಕಳೆಯುತ್ತದೆ. ನಮ್ಮ ರಾಜ್ಯದ್ದೇ ಉದಾಹರಣೆ ಕಾವೇರಿಯ ಡುಬ್ಬದ ಮಹಶೀರ್. 1946ರಲ್ಲಿ ಕಬಿನಿ ನದಿಯಲ್ಲಿ ಗಾಳಕ್ಕೆ ಸಿಕ್ಕ ಒಂದು ಮಹಶೀರ್ ಸುಮಾರು 54 ಕೆಜಿ ತೂಗಿತ್ತು. ಮೀನು ಕಡಿಮೆಯಾಗುತ್ತಿದೆ ಎಂದು ಮಹಾರಾಷ್ಟ್ರದ ಲೋಣಾವಳಾದಲ್ಲಿ ಬೆಳೆಸಿದ ಇನ್ನೊಂದು ಜಾತಿಯ ಮಹಶೀರ್ ಮರಿಗಳನ್ನು ಒಳ್ಳೆಯ ಉದ್ದೇಶದಿಂದಲೇ ಕಾವೇರಿಗೆ ಬಿಟ್ಟರು. ನದಿಯಲ್ಲಿ ಮಹಶೀರ್ ಸಂಖ್ಯೆ ಹೆಚ್ಚಿತು. ಆದರೆ ಹೆಚ್ಚಿದ್ದು ಹೊರಗಿನದು, ಕಾವೇರಿಯ ಸ್ವಂತ ಮೀನು ಕಡಿಮೆಯಾಗುತ್ತಲೇ ಹೋಯಿತು. 2018ರಲ್ಲಿ ಐಯುಸಿಎನ್ ಸಂಸ್ಥೆ ಅದನ್ನು ಅತ್ಯಂತ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು.

ಅಮೆರಿಕದವರೂ ಸಾಲ್ಮನ್ ಮೀನಿನ ವಿಷಯದಲ್ಲಿ ಇದೇ ಪಾಠ ಕಲಿತರು. ಸಾಲ್ಮನ್ ಸಮುದ್ರದಲ್ಲಿ ಬೆಳೆದು, ತತ್ತಿ ಇಡಲು ತಾನು ಹುಟ್ಟಿದ ನದಿಗೇ ಹತ್ತಿ ಬರುತ್ತದೆ. ಅಣೆಕಟ್ಟು ಕಟ್ಟಿ ದಾರಿ ಮುಚ್ಚಿದರು, ಬದಲಿಗೆ ಮರಿ ಸಾಕಿ ಬಿಟ್ಟರು, ಕಾಡುಮೀನು ಮಾತ್ರ ಚೇತರಿಸಲಿಲ್ಲ. ಕೊನೆಗೆ ಕ್ಲಾಮತ್ ಎಂಬ ನದಿಯ ನಾಲ್ಕು ಅಣೆಕಟ್ಟುಗಳನ್ನು 2024ರಲ್ಲಿ ಪೂರ್ತಿ ಒಡೆದು ತೆಗೆದರು. ಅದೇ ವರ್ಷ ಅಕ್ಟೋಬರ್‌ನಲ್ಲಿ, ನೂರು ವರ್ಷಕ್ಕೂ ಹೆಚ್ಚು ಕಾಲ ಬಾರದಿದ್ದ ಜಾಗಕ್ಕೆ ಸಾಲ್ಮನ್ ಹತ್ತಿ ಬಂತು. ನಮ್ಮ ಹಳ್ಳದಲ್ಲಿ ಒಡೆಯಬೇಕಾದ ಅಣೆಕಟ್ಟಿಲ್ಲ. ಒಂದು ಸೊಳ್ಳೆ ಪರದೆ ತೆಗೆದರೆ ಆಯಿತು.

ಈ ಮಾತನ್ನು ಮನೆಯಲ್ಲಿ ಹೇಳಿದಾಗ ಮಾಮು ಸಿಟ್ಟಾದರು. ಅವರ ಮಾತನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗೆ: “ಬೇಟಾ, ಜೂನ್ ಒಂದರಿಂದ ಜುಲೈ ಮೂವತ್ತೊಂದರವರೆಗೆ ಕಡಲಿನ ದೊಡ್ಡ ಬೋಟು ಬಂದ್. ಐಸ್ ಮೀನಿನ ರೇಟು ಏರುತ್ತದೆ. ಆಗ ನಮಗೆ ನಾಲ್ಕು ಕಾಸು ಸಿಗುವುದೇ ಹಳ್ಳದ ಮೀನಿನಲ್ಲಿ. ಅದನ್ನೂ ಬಿಡು ಅಂದರೆ ಒಲೆ ನಿನ್ನ ಲೆಕ್ಕದ ಪುಸ್ತಕದಿಂದ ಉರಿಯುತ್ತದಾ?”

ಈ ಪ್ರಶ್ನೆಗೆ ಉತ್ತರ ಕೊಡದೆ ‘ಮೀನು ಉಳಿಸಿ’ ಎಂದು ಬರೆಯುವುದು ಸುಲಭ. ನಾನು ಹೇಳುವುದು ಇದು. ಕೆರೆಯ ಕಟ್ಲಾ, ರೋಹು ಆ ಎರಡು ತಿಂಗಳೂ ಮಾರಲಿ, ಅವು ಕೆರೆಯಲ್ಲಿ ಹೇಗೂ ತತ್ತಿ ಇಡುವುದಿಲ್ಲ. ಬಂದ್ ಬೇಕಾಗಿರುವುದು ಹಳ್ಳಕ್ಕೆ, ಗದ್ದೆಯ ಕಾಲುವೆಗೆ ಮಾತ್ರ. ಮೀನು ಹಿಡಿದೇ ಬದುಕುವ ಬಡ ಕುಟುಂಬಗಳಿಗೆ ನಿಷೇಧದ ತಿಂಗಳುಗಳಲ್ಲಿ ನೆರವು ಕೊಡುವ ಅವಕಾಶ 2020ರ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿದೆ. ಅದು ಕರಾವಳಿಯವರಿಗೆ ಮಾತ್ರವಲ್ಲ, ಒಳನಾಡಿನವರಿಗೂ ಇದೆ. ಅದನ್ನು ನಮ್ಮ ಅಂಬಿಗರ ಮನೆಗಳಿಗೆ ತಲುಪಿಸಲು ಪಂಚಾಯ್ತಿ ಮುಂದಾಗಬೇಕು. ಅರ್ಜಿ ತುಂಬುವ ಕೆಲಸ ಕಾಮರ್ಸ್ ವಿದ್ಯಾರ್ಥಿಗಳಾದ ನಮಗೆ ಕಷ್ಟವಲ್ಲ.

ಪರದೆಯೊಂದೇ ಕಾರಣವಲ್ಲ ಎಂಬುದೂ ನನಗೆ ಗೊತ್ತು. ಹೊಲದ ಔಷಧಿ ಹಳ್ಳಕ್ಕೆ ಇಳಿಯುತ್ತದೆ, ಮರಳು ತೆಗೆದ ಕಡೆ ಮಡು ಹಾಳಾಗುತ್ತದೆ. ಮೀನಿಗೆ ವಿಷ ಹಾಕುವುದು, ಸಿಡಿಮದ್ದು ಹಾಕುವುದು 1897ರ ಮೀನುಗಾರಿಕೆ ಕಾಯ್ದೆಯಿಂದಲೇ ಅಪರಾಧ. ಅವೆಲ್ಲಕ್ಕೂ ದೂರು ಕೊಡೋಣ. ಆದರೆ ದೂರು ಕೊಡುವವರ ಕೈಯಲ್ಲೇ ಪರದೆ ಇದ್ದರೆ ಯಾರು ಕೇಳುತ್ತಾರೆ?

ಜನ ಮನಸ್ಸು ಮಾಡಿದರೆ ಆಗುತ್ತದೆ ಎನ್ನುವುದಕ್ಕೆ ಬೆಳ್ತಂಗಡಿ ತಾಲ್ಲೂಕಿನ ಶಿಶಿಲ ಸಾಕ್ಷಿ. ಅಲ್ಲಿ ದೇವಸ್ಥಾನದ ಹತ್ತಿರ ಕಪಿಲಾ ನದಿಯಲ್ಲಿ ಮಹಶೀರ್ ಹಿಂಡು ಇದೆ, ಊರವರು ಹಿಡಿಯುವುದಿಲ್ಲ. 1996ರಲ್ಲಿ ಯಾರೋ ವಿಷ ಹಾಕಿ ಸಾವಿರಾರು ಮೀನು ಸತ್ತವು. ಊರವರು ಮತ್ತೆ ಕಾದರು, ಮೀನು ಮತ್ತೆ ತುಂಬಿತು. ಅವರನ್ನು ಕಾಯುವಂತೆ ಮಾಡಿದ್ದು ಅವರ ಭಕ್ತಿ.

ನಮ್ಮಲ್ಲೂ ಮೀನಿನ ಒಂದು ಪಾಠವಿದೆ. ಸೂರಾ ಅಲ್-ಅಅರಾಫ್‌ನಲ್ಲಿ ಬರುವ ಸಮುದ್ರ ತೀರದ ಊರಿನ ಕಥೆಯನ್ನು ಚಿಕ್ಕವರಿದ್ದಾಗ ಮದ್ರಸಾದಲ್ಲಿ ಕೇಳಿದ್ದೇವೆ. ಅವರಿಗೆ ಶನಿವಾರ ಮೀನು ಹಿಡಿಯುವುದು ನಿಷಿದ್ಧ. ಪರೀಕ್ಷೆ ಎಂಬಂತೆ ಅದೇ ದಿನ ಮೀನು ಮೇಲೆ ಕಾಣುವಂತೆ ಬರುತ್ತಿತ್ತು, ಬೇರೆ ದಿನ ಬರುತ್ತಿರಲಿಲ್ಲ. ಕೆಲವರು ಮಿತಿ ಮೀರಿದರು. ಕೆಲವರು ಬೇಡ ಎಂದು ಬುದ್ಧಿ ಹೇಳಿದರು. ಇನ್ನು ಕೆಲವರು, ಇವರಿಗೆ ಯಾಕೆ ಹೇಳುತ್ತೀರಿ ಎಂದು ಬುದ್ಧಿ ಹೇಳುವವರನ್ನೇ ಕೇಳಿದರು. ಜೂನ್ ರಾತ್ರಿ ಸೇತುವೆಯ ಕೆಳಗೆ ನಿಂತಾಗ ನನಗೆ ಈ ಕಥೆ ನೆನಪಾಗಲಿಲ್ಲ. ಬೆಳಿಗ್ಗೆ ತತ್ತಿ ನೋಡಿದಾಗ ನೆನಪಾಯಿತು. ಹಳ್ಳದ ಮೀನಿನ ಬಗ್ಗೆ ಅಂಥ ಆಜ್ಞೆ ನಮಗಿಲ್ಲ, ಆದರೆ ಕೈಗೆ ಸಿಗುವಷ್ಟು ಹತ್ತಿರ ಬಂದದ್ದನ್ನು ಬಿಡುವುದೇ ಪರೀಕ್ಷೆ ಎಂಬುದು ಆಗ ಅರ್ಥವಾಯಿತು.

ಗೆಳೆಯರೇ, ಕಳಘಟಗಿ, ಕುಂದಗೋಳ, ನವಲಗುಂದ, ಯಾವ ಕಡೆಯಿಂದ ಬರುವವರಾದರೂ ನಿಮ್ಮ ಊರಿನ ಹಳ್ಳ ನಿಮಗೆ ಗೊತ್ತು. ಈ ಸಲ ಮೊದಲ ನೀರು ಬಂದಾಗ ನಿಮ್ಮ ಮನೆಯ ಪರದೆಯನ್ನು ಹೊರಗೆ ಒಯ್ಯಬೇಡಿ, ತಮ್ಮಂದಿರನ್ನೂ ತಡೆಯಿರಿ. ಮಾಮು ಇನ್ನೂ ಪೂರ್ತಿ ಒಪ್ಪಿಲ್ಲ. “ಒಂದು ವರ್ಷ ಬಿಟ್ಟು ನೋಡೋಣ” ಎಂದಿದ್ದಾರೆ. ಆ ಒಂದು ವರ್ಷ ನನಗೆ ಸಾಕು.