ಸೋತರೆ ಕೋಚ್ ಬದಲಾಗಬೇಕೇ?

ತಾಲ್ಲೂಕು ಮಟ್ಟದ ಪದವಿ ಪೂರ್ವ ಕಾಲೇಜುಗಳ ಕ್ರೀಡಾಕೂಟದಲ್ಲಿ ನಮ್ಮ ವಾಲಿಬಾಲ್ ತಂಡ ಈ ವರ್ಷವೂ ಮೊದಲ ಪಂದ್ಯದಲ್ಲೇ ಸೋತು ಬಂತು. ಕಳೆದ ವರ್ಷವೂ ಹಾಗೇ ಆಗಿತ್ತು. ವಾಪಸ್ ಬರುವಾಗ ಬಸ್ಸಿನ ಹಿಂದಿನ ಸೀಟಿನಲ್ಲಿ ಶುರುವಾದ ಮಾತು ಬೆಳಗೊಳದಲ್ಲಿ ಇಳಿಯುವ ಹೊತ್ತಿಗೆ ತೀರ್ಮಾನವೇ ಆಗಿಹೋಗಿತ್ತು: "ಭಾಯ್, ಈ ಸಲ ಸರ್‌ನ ಚೇಂಜ್ ಮಾಡ್ಲೇಬೇಕು." ಮರುದಿನ ಬೆಳಿಗ್ಗೆ ಪ್ರಾಂಶುಪಾಲರಿಗೆ ಕೊಡುವ ಮನವಿ ಪತ್ರವೂ ತಯಾರಾಯಿತು. ಅದು ನನ್ನ ಕೈಗೂ ಬಂತು. ನಾನು ಪೆನ್ನು ತೆಗೆದೆ. ಆದರೆ ಸಹಿ ಮಾಡಲಿಲ್ಲ. ಯಾಕೆ ಮಾಡಲಿಲ್ಲ ಎಂದು ಕೇಳಿದವರಿಗೆಲ್ಲ ಒಬ್ಬೊಬ್ಬರಿಗೇ ಹೇಳುವ ಬದಲು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಮಗೆಲ್ಲ ಗೊತ್ತಿರುವ ತಂಡದಿಂದಲೇ ಶುರು ಮಾಡೋಣ. 2024ರ ಐಪಿಎಲ್ ನೆನಪಿದೆಯೇ? ಏಪ್ರಿಲ್‌ನಲ್ಲಿ ಆರ್‌ಸಿಬಿ ಮೊದಲ 8 ಪಂದ್ಯಗಳಲ್ಲಿ 7 ಸೋತಿತ್ತು. ಅದರಲ್ಲಿ 6 ಸೋಲು ಸಾಲಾಗಿ ಬಂದಿದ್ದವು. ಆಗ ನಮ್ಮ ಕಾಲೇಜಿನ ಗೇಟಿನ ಹತ್ತಿರ, ಟೀ ಅಂಗಡಿಯಲ್ಲಿ, ಜುಮ್ಮಾ ಮುಗಿಸಿ ಹೊರಬಂದ ಮೇಲೆ ಮಸೀದಿಯ ಮುಂದೆ, ಎಲ್ಲಿ ನೋಡಿದರೂ ಒಂದೇ ಮಾತು. ಕೋಚ್ ಸರಿಯಿಲ್ಲ, ಬೌಲಿಂಗ್ ಸರಿಯಿಲ್ಲ, ಹರಾಜಿನಲ್ಲಿ ತಪ್ಪು ಮಾಡಿದರು, ಎಲ್ಲರನ್ನೂ ಕಳಿಸಿಬಿಡಿ. ಕೋಚ್ ಆಂಡಿ ಫ್ಲವರ್ ಬಂದು ಅದು ಮೊದಲ ಸೀಸನ್. ಏಪ್ರಿಲ್ 25ರಂದು ಹೈದರಾಬಾದಿನಲ್ಲಿ ಸನ್‌ರೈಸರ್ಸ್ ವಿರುದ್ಧ ಗೆದ್ದರು. ಅಲ್ಲಿಂದ ಸಾಲಾಗಿ 6 ಪಂದ್ಯ ಗೆದ್ದು, ಮೇ 18ರಂದು ಚೆನ್ನೈ ತಂಡವನ್ನು ಸೋಲಿಸಿ ಪ್ಲೇ ಆಫ್ ಸೇರಿದರು. ಆ ವರ್ಷ ಕಪ್ ಬರಲಿಲ್ಲ. ಆದರೆ ಕೋಚ್‌ರನ್ನು ಉಳಿಸಿಕೊಂಡರು. ಮುಂದಿನ ವರ್ಷ, 2025ರ ಜೂನ್ 3ರಂದು, ಅಹಮದಾಬಾದಿನಲ್ಲಿ ಪಂಜಾಬ್ ಕಿಂಗ್ಸ್ ವಿರುದ್ಧ 6 ರನ್‌ಗಳಿಂದ ಗೆದ್ದು 18ನೇ ಸೀಸನ್‌ನಲ್ಲಿ ಆರ್‌ಸಿಬಿ ಮೊದಲ ಸಲ ಕಪ್ ಎತ್ತಿತು. (ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ತೀರಿಕೊಂಡರು. ಆ ಗೆಲುವನ್ನು ನೆನೆದಾಗ ಅವರನ್ನೂ ನೆನೆಯಬೇಕು.)

ಇದೇ ತಂಡ ಹಿಂದೆ ಏನು ಮಾಡಿತ್ತು ಎಂದೂ ನೋಡಿ. 2018ರಲ್ಲಿ ಡೇನಿಯಲ್ ವೆಟ್ಟೋರಿ, 2019ರಲ್ಲಿ ಗ್ಯಾರಿ ಕರ್ಸ್ಟನ್, 2020ರಲ್ಲಿ ಸೈಮನ್ ಕ್ಯಾಟಿಚ್, 2021ರ ಎರಡನೇ ಭಾಗದಲ್ಲಿ ಮೈಕ್ ಹೆಸನ್, ಆಮೇಲೆ ಎರಡು ವರ್ಷ ಸಂಜಯ್ ಬಂಗಾರ್. ಭಾರತಕ್ಕೆ 2011ರ ವಿಶ್ವಕಪ್ ಗೆಲ್ಲಿಸಿಕೊಟ್ಟ ಕರ್ಸ್ಟನ್ ಅವರ ಕಾಲದಲ್ಲೇ ಆರ್‌ಸಿಬಿ ಪಟ್ಟಿಯಲ್ಲಿ ಕೊನೆಯ ಸ್ಥಾನಕ್ಕೆ ಹೋಯಿತು! ಪ್ರತಿ ಸಲ ಹೊಸಬರು ಬಂದಾಗ ನಾವು "ಈ ಸಲ ಕಪ್ ನಮ್ದೇ" ಅಂದೆವು. ಕೋಚ್ ಬದಲಾದರು, ಕಪ್ ಬರಲಿಲ್ಲ.

ಹಾಗಾದರೆ ಕೋಚ್ ಬದಲಾಯಿಸುವುದೇ ತಪ್ಪೇ? ಹಾಗೆ ಹೇಳಿದರೆ ನನ್ನ ವಾದಕ್ಕೆ ಬೇಕಾದ್ದನ್ನು ಮಾತ್ರ ಹೇಳಿದಂತಾಗುತ್ತದೆ. ಬೆಂಗಳೂರು ಎಫ್‌ಸಿ ಫುಟ್‌ಬಾಲ್ ತಂಡದ ಕಥೆ ಬೇರೆ ಥರ ಇದೆ. 2018–19ರಲ್ಲಿ ಐಎಸ್‌ಎಲ್ ಗೆಲ್ಲಿಸಿಕೊಟ್ಟ ಕಾರ್ಲೆಸ್ ಕ್ವಾದ್ರಾತ್ ಅವರು 2021ರ ಜನವರಿಯಲ್ಲಿ ಸಾಲು ಸೋಲುಗಳ ನಂತರ ತಂಡ ಬಿಟ್ಟರು. ಬದಲಾವಣೆಯಿಂದ ಆ ವರ್ಷ ಏನೂ ಸುಧಾರಿಸಲಿಲ್ಲ. ಆಮೇಲೆ ಬಂದ ಸೈಮನ್ ಗ್ರೇಸನ್ 2022ರಲ್ಲಿ ಡ್ಯುರಾಂಡ್ ಕಪ್ ತಂದುಕೊಟ್ಟರು, 2023ರಲ್ಲಿ ಐಎಸ್‌ಎಲ್ ಫೈನಲ್‌ಗೆ ಕರೆದೊಯ್ದರು. ಅದೇ ವರ್ಷ ಡಿಸೆಂಬರ್‌ನಲ್ಲಿ ಅವರನ್ನೂ ಕಳಿಸಿದರು. ಜೆರಾರ್ಡ್ ಝರಗೋಝಾ ಬಂದರು. ತಂಡ 10ನೇ ಸ್ಥಾನಕ್ಕೆ ಇಳಿಯಿತು. ಆದರೆ ಮುಂದಿನ ಸೀಸನ್‌ನಲ್ಲಿ ಅದೇ ಝರಗೋಝಾ ತಂಡವನ್ನು ಮತ್ತೆ ಫೈನಲ್‌ಗೆ ತಂದರು. ಈ ಬದಲಾವಣೆಯಿಂದ ಫಲ ಬಂತು ಎಂದು ಹೇಳುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಒಂದು ವಿಷಯ ಗಮನಿಸಿ. ಹೊಸ ಕೋಚ್ ಬಂದ ಮೇಲೂ ಮೊದಲು ಸೋಲೇ ಬಂತು. 10ನೇ ಸ್ಥಾನ ಬಂತೆಂದು ಅವರನ್ನೂ ಆಗಲೇ ಕಳಿಸಿದ್ದರೆ ಫೈನಲ್ ಎಲ್ಲಿಂದ ಬರುತ್ತಿತ್ತು? ಹಳಬರಿರಲಿ ಹೊಸಬರಿರಲಿ, ಸಮಯ ಕೊಡಲೇಬೇಕು.

ಇನ್ನು ನಮ್ಮ ರಾಜ್ಯದವರೇ ಆದ ಇಬ್ಬರು. ರಾಹುಲ್ ದ್ರಾವಿಡ್ ಕೋಚ್ ಆಗಿದ್ದಾಗ ಭಾರತ 2022ರಲ್ಲಿ ಟಿ20 ವಿಶ್ವಕಪ್ ಸೆಮಿಫೈನಲ್‌ನಲ್ಲಿ ಇಂಗ್ಲೆಂಡಿಗೆ 10 ವಿಕೆಟ್‌ಗಳಿಂದ ಸೋತಿತು. 2023ರ ಜೂನ್‌ನಲ್ಲಿ ಟೆಸ್ಟ್ ಚಾಂಪಿಯನ್‌ಷಿಪ್ ಫೈನಲ್ ಸೋತಿತು. ಅದೇ ವರ್ಷ ನವೆಂಬರ್ 19ರಂದು ಏಕದಿನ ವಿಶ್ವಕಪ್ ಫೈನಲ್ ಸೋತಿತು. ಅಂದು ರಾತ್ರಿ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. "ದ್ರಾವಿಡ್ ಸಾಕು" ಎಂದವರಲ್ಲಿ ನಾನೂ ಒಬ್ಬ. ಆದರೆ ಬಿಸಿಸಿಐ ಅವರ ಅವಧಿಯನ್ನು ಮುಂದುವರಿಸಿತು. 2024ರ ಜೂನ್ 29ರಂದು ಬಾರ್ಬಡೋಸ್‌ನಲ್ಲಿ ದಕ್ಷಿಣ ಆಫ್ರಿಕಾವನ್ನು 7 ರನ್‌ಗಳಿಂದ ಸೋಲಿಸಿ ಭಾರತ ಟಿ20 ವಿಶ್ವಕಪ್ ಗೆದ್ದಿತು. 2007ರಲ್ಲಿ ಇದೇ ವೆಸ್ಟ್ ಇಂಡೀಸ್‌ನಲ್ಲಿ ದ್ರಾವಿಡ್ ನಾಯಕರಾಗಿದ್ದಾಗ ಭಾರತ ವಿಶ್ವಕಪ್‌ನ ಮೊದಲ ಹಂತದಲ್ಲೇ ಹೊರಬಿದ್ದಿತ್ತು.

ಅನಿಲ್ ಕುಂಬ್ಳೆ ಅವರ ವಿಷಯ ಇದಕ್ಕೆ ಉಲ್ಟಾ. 2016–17ರಲ್ಲಿ ಅವರು ಕೋಚ್ ಆಗಿದ್ದ 17 ಟೆಸ್ಟ್‌ಗಳಲ್ಲಿ ಭಾರತ ಸೋತದ್ದು ಒಂದೇ ಒಂದು. ಆದರೂ 2017ರ ಜೂನ್‌ನಲ್ಲಿ ಅವರು ರಾಜೀನಾಮೆ ಕೊಟ್ಟರು. ನಾಯಕನಿಗೂ ತಮಗೂ ಹೊಂದಾಣಿಕೆ ಉಳಿದಿಲ್ಲ ಎಂಬುದೇ ಕಾರಣ. ಸೋಲು ಗೆಲುವಿನ ಲೆಕ್ಕವೊಂದೇ ಕೋಚ್‌ರ ಅಳತೆಯಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಆಟಗಾರರ ಜೊತೆ ಮಾತು ನಿಂತುಹೋದರೆ ಗೆಲ್ಲುತ್ತಿರುವ ಕೋಚ್ ಕೂಡ ಉಳಿಯುವುದು ಕಷ್ಟ.

ಇವೆಲ್ಲ ಕೋಟಿಗಟ್ಟಲೆ ದುಡ್ಡಿನ ತಂಡಗಳು, ಕಾಲೇಜಿಗೆ ಹೇಗೆ ಹೋಲಿಸುತ್ತೀಯ ಎಂದು ನನ್ನ ಬೆಂಚಿನ ಗೆಳೆಯ ಕೇಳಿದ. ಸರಿಯಾದ ಪ್ರಶ್ನೆ. ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನದೇ ಒಂದು ಉದಾಹರಣೆ ಇದೆ. ಡ್ಯೂಕ್ ವಿಶ್ವವಿದ್ಯಾಲಯದ ತಂಡಕ್ಕೆ 1980ರಲ್ಲಿ ಮೈಕ್ ಶಶೆವ್‌ಸ್ಕಿ ಎಂಬ ಯುವಕ ಕೋಚ್ ಆಗಿ ಬಂದರು. ಎರಡನೇ ವರ್ಷ 10 ಗೆಲುವು, 17 ಸೋಲು. ಮೂರನೇ ವರ್ಷ 11 ಗೆಲುವು, 17 ಸೋಲು. ಆ ವರ್ಷದ ಕೊನೆಯ ಪಂದ್ಯದಲ್ಲಿ ವರ್ಜೀನಿಯಾ ತಂಡದ ವಿರುದ್ಧ 109–66ರಿಂದ ಸೋತರು. ಅಭಿಮಾನಿಗಳು, ದಾನಿಗಳು, ಹಳೆಯ ವಿದ್ಯಾರ್ಥಿಗಳು ಅವರನ್ನು ತೆಗೆಯಿರಿ ಎಂದು ಒತ್ತಾಯಿಸಿದರು. ಅಲ್ಲಿನ ಕ್ರೀಡಾ ನಿರ್ದೇಶಕ ಟಾಮ್ ಬಟರ್ಸ್ ಅವರನ್ನು ತೆಗೆಯುವ ಬದಲು 1984ರಲ್ಲಿ ಒಪ್ಪಂದವನ್ನೇ ಮುಂದುವರಿಸಿದರು. ಶಶೆವ್‌ಸ್ಕಿ 2022ರವರೆಗೂ ಅಲ್ಲೇ ಇದ್ದು 5 ರಾಷ್ಟ್ರೀಯ ಪ್ರಶಸ್ತಿ ಗೆದ್ದುಕೊಟ್ಟರು. ಬಟರ್ಸ್ ನೋಡಿದ್ದು ಅಂಕಪಟ್ಟಿಯೊಂದನ್ನೇ ಅಲ್ಲ. ಆ ಸೋತ ತಂಡದಲ್ಲಿ ಆಡುತ್ತಿದ್ದವರಲ್ಲಿ ಹೆಚ್ಚಿನವರು ಆಗಷ್ಟೇ ಕಾಲೇಜಿಗೆ ಸೇರಿದ್ದ ಹುಡುಗರು. ಅವರೇ ಕೊನೆಯ ವರ್ಷಕ್ಕೆ ಬಂದಾಗ, 1986ರಲ್ಲಿ, ತಂಡ ರಾಷ್ಟ್ರೀಯ ಫೈನಲ್ ಆಡಿತು.

ನಮ್ಮ ದೇಶದಲ್ಲಿ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ಅವರು ಮೂಲತಃ ಶಾಲಾ ಮೇಷ್ಟ್ರು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಅವರ ಫುಟ್‌ಬಾಲ್ ತಂಡ ಯುಗೋಸ್ಲಾವಿಯಾ ವಿರುದ್ಧ 10–1ರಿಂದ ಸೋತಿತು. ಆಗ ನಮ್ಮ ಆಟಗಾರರಲ್ಲಿ ಹಲವರು ಬೂಟಿಲ್ಲದೆ ಆಡುತ್ತಿದ್ದರು. ಸೋಲಿನ ಕಾರಣ ಹುಡುಕಿದರು, ಬೂಟು ಹಾಕಿ ಆಡುವುದನ್ನು ಕಲಿತರು. 4 ವರ್ಷದ ನಂತರ ಮೆಲ್ಬರ್ನ್‌ನಲ್ಲಿ ಇದೇ ರಹೀಮ್ ಸಾಹೇಬರ ತಂಡ ಒಲಿಂಪಿಕ್ಸ್‌ನ 4ನೇ ಸ್ಥಾನಕ್ಕೆ ಬಂತು. 1962ರಲ್ಲಿ ಜಕಾರ್ತಾದಲ್ಲಿ ಏಷ್ಯನ್ ಗೇಮ್ಸ್ ಚಿನ್ನ ಗೆದ್ದಿತು. ಆಗ ಅವರಿಗೆ ಕ್ಯಾನ್ಸರ್ ಇತ್ತು. ಮುಂದಿನ ವರ್ಷ ತೀರಿಕೊಂಡರು.

ಈಗ ನಮ್ಮ ವಾಲಿಬಾಲ್ ಅಂಕಣಕ್ಕೆ ಬರೋಣ. ನಾನು ಆಟಗಾರನಲ್ಲ, ತಂಡದ ಸ್ಕೋರರ್. ಅಭ್ಯಾಸದ ಹಾಜರಿ ಪುಸ್ತಕ ನನ್ನ ಹತ್ತಿರವೇ ಇರುತ್ತದೆ. ಮನವಿ ಪತ್ರ ಕೈಗೆ ಬಂದಾಗ ಆ ಪುಸ್ತಕವನ್ನು ತೆಗೆದು ನೋಡಿದೆ. ಪಂದ್ಯ ಆಡಿದ ಆರು ಜನರೂ ಒಟ್ಟಿಗೆ ಅಭ್ಯಾಸಕ್ಕೆ ಬಂದ ದಿನಗಳು ಒಂದು ಕೈಯ ಬೆರಳುಗಳನ್ನು ದಾಟಲಿಲ್ಲ. ಒಬ್ಬನಿಗೆ ಮೈಸೂರಿನಲ್ಲಿ ನೀಟ್ ಕೋಚಿಂಗ್, ಇನ್ನೊಬ್ಬನಿಗೆ ಅಪ್ಪನ ಅಂಗಡಿ, ಮತ್ತೊಬ್ಬನಿಗೆ ನಾಲ್ಕೂವರೆ ಬಸ್ಸು ತಪ್ಪಿದರೆ ಊರಿಗೆ ಬೇರೆ ಬಸ್ಸಿಲ್ಲ. ಇದು ಯಾರ ತಪ್ಪೂ ಅಲ್ಲ. ಆದರೆ ಸರ್ ತಪ್ಪಂತೂ ಖಂಡಿತ ಅಲ್ಲ. ಪಂದ್ಯದಲ್ಲಿ ನಾವು ಸೋತದ್ದು ಹೇಗೆ? ಎದುರಾಳಿಯ ಸರ್ವೀಸ್ ತೆಗೆಯಲು ಆಗಲಿಲ್ಲ. ಚೆಂಡು ಬಂದಾಗ ನೀನು ತಗೋ, ನೀನು ತಗೋ ಎಂದು ಇಬ್ಬರು ನಿಂತು ನೋಡಿದರು. ಒಟ್ಟಿಗೆ ಆಡದ ತಂಡಕ್ಕೆ ಆಗುವುದೇ ಹಾಗೆ. ಆ ಪುಸ್ತಕದಲ್ಲಿ ಇನ್ನೂ ಒಂದು ವಿಷಯ ಇತ್ತು. ಎಷ್ಟೋ ದಿನಗಳ ಪುಟ ಖಾಲಿ ಇತ್ತು, ಏಕೆಂದರೆ ಬರೆಯಬೇಕಾದ ನಾನೇ ಹೋಗಿರಲಿಲ್ಲ. ಸರ್ ಮಾತ್ರ ಆ ದಿನಗಳಲ್ಲೂ ಬಲೆ ಕಟ್ಟಿ ನಿಂತಿದ್ದರು ಎಂದು ಕಾವಲುಗಾರ ಚಾಚಾ ಹೇಳಿದರು.

ಇನ್ನೊಂದು ಮಾತು ಹೇಳಲೇಬೇಕು. ಆರ್‌ಸಿಬಿ ಕೋಚ್‌ರನ್ನು ಬೈದರೆ ಅವರಿಗೆ ಅದು ಕೇಳಿಸುವುದೂ ಇಲ್ಲ, ಇಲ್ಲಿ ಕೆಲಸ ಹೋದರೆ ಬೇರೆ ದೇಶದ ತಂಡ ಕರೆಯುತ್ತದೆ. ನಮ್ಮ ಸರ್ ಖಾಯಂ ಅಲ್ಲ. ಅವರದು ಆಡಳಿತ ಮಂಡಳಿ ಪ್ರತಿ ವರ್ಷ ಒಪ್ಪಿದರೆ ಮಾತ್ರ ಮುಂದುವರಿಯುವ ಕೆಲಸ. ಆ ಕಾಗದದ ಮೇಲೆ ನಮ್ಮ ಸಹಿ ವಾಟ್ಸಾಪ್‌ನಲ್ಲಿ ಒತ್ತುವ ಲೈಕ್ ಅಲ್ಲ. ಅದರ ಮೇಲೆ ಒಂದು ಮನೆಯ ಬಾಡಿಗೆ, ಒಂದು ಮಗುವಿನ ಫೀಸು ನಿಂತಿದೆ.

ಹಾಗೆಂದು ಕೋಚ್‌ರನ್ನು ಪ್ರಶ್ನೆ ಮಾಡಲೇಬಾರದು ಎಂದಲ್ಲ. ಹುಡುಗರನ್ನು ಅವಮಾನಿಸುವವರು, ಹೊಡೆಯುವವರು, ಜಾತಿ ಧರ್ಮ ಅಥವಾ ಪರಿಚಯ ನೋಡಿ ತಂಡ ಆರಿಸುವವರು, ಅಭ್ಯಾಸಕ್ಕೇ ಬಾರದವರು ಗೆದ್ದರೂ ಇರಬಾರದು. ಅಂಥವರ ವಿಷಯದಲ್ಲಿ ಒಂದು ಸೀಸನ್ ಕಾಯುವುದೂ ತಪ್ಪು. ನಮ್ಮ ಸರ್ ಬಗ್ಗೆ ಅಂಥ ಒಂದು ದೂರನ್ನೂ ಆ ಪತ್ರದಲ್ಲಿ ಯಾರೂ ಬರೆದಿರಲಿಲ್ಲ. "ಎರಡು ವರ್ಷ ಸೋತಿದ್ದೇವೆ" ಎಂಬುದೊಂದೇ ಇತ್ತು. ಒಂದು ದೂರು ನಿಜ ಎಂದು ನಾನೂ ಒಪ್ಪುತ್ತೇನೆ. ಸರ್ ಹೆಚ್ಚು ಮಾತಾಡುವುದಿಲ್ಲ, ಯಾರನ್ನು ಯಾಕೆ ಆರಿಸಿದೆ ಎಂದು ವಿವರಿಸುವುದಿಲ್ಲ. ಹೊರಗುಳಿದವರಿಗೆ ಅದರಿಂದ ನೋವಾಗಿದೆ. ಇದನ್ನು ಅವರ ಮುಂದೆಯೇ ಕೂತು ಹೇಳಬಹುದು. ಅದಕ್ಕೆ ಮನವಿ ಪತ್ರ ಬೇಕಿಲ್ಲ.

ಆದ್ದರಿಂದ ಆ ಪತ್ರದ ಬದಲು ಇನ್ನೊಂದು ಪತ್ರ ಕೊಡೋಣ ಎಂಬುದು ನನ್ನ ಸಲಹೆ. ಅದರಲ್ಲಿ ನಾಲ್ಕೇ ವಿಷಯ ಇರಲಿ. ಒಂದು, ವಾರದಲ್ಲಿ ಮೂರು ದಿನವಾದರೂ ಕೊನೆಯ ಪೀರಿಯಡ್ ತಂಡಕ್ಕೆ ಅಭ್ಯಾಸಕ್ಕೆ ಬಿಡಬೇಕು. ಆಗ ಬಸ್ಸಿನ ಹುಡುಗರೂ ಆಡಬಹುದು. ಎರಡು, ಅಭ್ಯಾಸಕ್ಕೆ ಬಾರದವರಿಗೆ, ಎಷ್ಟೇ ಚೆನ್ನಾಗಿ ಸ್ಮ್ಯಾಷ್ ಹೊಡೆಯುವವನಾದರೂ, ತಂಡದಲ್ಲಿ ಜಾಗ ಇಲ್ಲ. ಮೂರು, ಪ್ರಥಮ ಪಿಯುಸಿಯ ನಾಲ್ವರನ್ನಾದರೂ ಈಗಿನಿಂದಲೇ ಸೇರಿಸಿಕೊಳ್ಳಬೇಕು. ನಮ್ಮಲ್ಲಿ ಓದು ಎರಡೇ ವರ್ಷ, ಪ್ರತಿ ವರ್ಷ ಅರ್ಧ ತಂಡ ಹೊರಟುಹೋಗುತ್ತದೆ. ಹೀಗಿರುವಾಗ ಯಾವ ಕೋಚ್ ಬಂದರೂ ಸೊನ್ನೆಯಿಂದಲೇ ಶುರು ಮಾಡಬೇಕು. ನಾಲ್ಕು, ತಂಡ ಆರಿಸಿದ ಮೇಲೆ ಸರ್ ಎಲ್ಲರನ್ನೂ ಕೂರಿಸಿ ಹತ್ತು ನಿಮಿಷ ಕಾರಣ ಹೇಳಬೇಕು.

ಇಷ್ಟು ಮಾಡಿ ಒಂದು ವರ್ಷ ನೋಡೋಣ. ಆಮೇಲೂ ಏನೂ ಸುಧಾರಿಸದಿದ್ದರೆ ಬದಲಾವಣೆ ಕೇಳುವವರ ಜೊತೆ ನಾನೂ ನಿಲ್ಲುತ್ತೇನೆ. ಆಗ ನಮ್ಮ ಕೈಯಲ್ಲಿ ಸಿಟ್ಟಿನ ಜೊತೆಗೆ ಲೆಕ್ಕವೂ ಇರುತ್ತದೆ.

ಹಾಜರಿ ಪುಸ್ತಕ ನನ್ನ ಬ್ಯಾಗಿನಲ್ಲೇ ಇದೆ. ಸೋಮವಾರ ನಾಲ್ಕು ಗಂಟೆಗೆ ಅಂಕಣದ ಹತ್ತಿರ ಇರುತ್ತೇನೆ. ಮನವಿಗೆ ಸಹಿ ಹಾಕಿದವರೂ ಹಾಕದವರೂ ಬನ್ನಿ, ಮೊದಲು ಇದರಲ್ಲಿ ನಿಮ್ಮ ಹೆಸರು ಬರೆಸಿ.