ವಾರದ ಮಾತ್ರೆ, ದಿನದ ಮಾತ್ರೆ



ಪಿರಿಯಾಪಟ್ಟಣದಲ್ಲಿರೋ ನಮ್ಮ ಚಿಕ್ಕವ್ವ ಹೊಗೆಸೊಪ್ಪಿನ ಹೊಲದಲ್ಲಿ ಕೂಲಿ ಮಾಡೋರು. ಮೈಕೈ ನೋವಿಗೆ ವಿಟಮಿನ್ ಡಿ ಮಾತ್ರೆ ಬರೆದುಕೊಟ್ಟಿದ್ದರು, 60,000 ಯೂನಿಟ್‌ದು, ವಾರಕ್ಕೊಂದು. ಚಿಕ್ಕವ್ವ ದಿನಕ್ಕೊಂದು ನುಂಗುತ್ತಿದ್ದರು. ಚೀಟಿ ಇಂಗ್ಲಿಷಿನಲ್ಲಿತ್ತು. ನಾನು ನೋಡಿದ್ದು ಹತ್ತನೇ ದಿನ. ನಿಲ್ಲಿಸಿ, ರಕ್ತಪರೀಕ್ಷೆಗೆ ಕರಕೊಂಡು ಹೋದೆ.

ಐಸಿಎಂಆರ್‌ನ 2020ರ ಲೆಕ್ಕದಂತೆ ದೊಡ್ಡವರಿಗೆ ದಿನಕ್ಕೆ 600 ಯೂನಿಟ್ ಸಾಕು. ಡಾಕ್ಟರ್ ಹೇಳದೆ ದಿನಕ್ಕೆ 4,000 ದಾಟಬಾರದು. 60,000ದ ಮಾತ್ರೆ ಕೊರತೆ ಇದ್ದವರಿಗೆ, ಸಾಮಾನ್ಯವಾಗಿ ವಾರಕ್ಕೊಂದರಂತೆ ಕೆಲವು ವಾರ ಮಾತ್ರ. ಇದು ಹೆಚ್ಚಾದರೆ ಮೂತ್ರದಲ್ಲಿ ಹೋಗಲ್ಲ, ಕೊಬ್ಬಿನಲ್ಲಿ ಸೇರಿಕೊಳ್ಳುತ್ತೆ. ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತೆ. ವಾಂತಿ, ವಿಪರೀತ ದಾಹ, ಮಲಬದ್ಧತೆ, ಕಡೆಗೆ ಕಿಡ್ನಿಗೇ ಪೆಟ್ಟು.

‘ಓದು ಬರದವರು, ತಪ್ಪು ಮಾಡಿಕೊಂಡರು’ ಅನ್ನಬೇಡಿ. ತಪ್ಪು, ಅರ್ಥವಾಗೋ ಹಾಗೆ ಹೇಳದವರದ್ದು. ಹುಣಸೂರಾಗಲಿ, ಕೆ.ಆರ್. ನಗರವಾಗಲಿ, ಎಚ್.ಡಿ. ಕೋಟೆಯ ಹಾಡಿಯಾಗಲಿ, ಮಾತ್ರೆ ಕವರಿನ ಮೇಲೆ ‘ಸೋಮವಾರ ಮಾತ್ರ, ಇಷ್ಟು ವಾರ’ ಅಂತ ಕನ್ನಡದಲ್ಲಿ ಬರೆಸಿಕೊಳ್ಳಿ. ಮನೆಯ ಮಕ್ಕಳಾದರೂ ಓದಿ ಹೇಳುತ್ತಾರೆ. ಕೇಳೋದಕ್ಕೆ ಅಂಜಿಕೆ ಬೇಡ. ಅದು ನಮ್ಮ ಹಕ್ಕು.